ಪ್ರಶ್ನೆ ಯಾರದು? ಸಮಾಜ ಸಂಶೋಧನೆಯಲ್ಲಿ ಜನಸಾಮಾನ್ಯರ ಸಹಭಾಗಿತ್ವ

ದೇವಶಾಸ್ತ್ರದ ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರಬಂಧಕ್ಕಾಗಿ ಸಭೆಗಳಿಗೆ ಹೋಗಿ ಮಾಹಿತಿ ಸಂಗ್ರಹಿಸುವುದು ಇಂದು ಸಾಮಾನ್ಯವಾಗಿದೆ. ಸಭಾಪಾಲಕರು ಸಹ ಪ್ರಾಂತದ ಕಚೇರಿಗೆ ವರದಿ ಕಳುಹಿಸುವ ಸಲುವಾಗಿ ಮನೆಮನೆಯ ಸಮೀಕ್ಷೆ ನಡೆಸುತ್ತಾರೆ. ಈ ಎಲ್ಲ ಕಾರ್ಯಗಳಲ್ಲಿಯೂ ಒಂದು ಸಂಗತಿಯನ್ನು ನಾವು ಪ್ರಶ್ನಿಸದೆ ಒಪ್ಪಿಕೊಂಡಿರುತ್ತೇವೆ: ಪ್ರಶ್ನೆ ನಮ್ಮದು, ಉತ್ತರ ಜನರದು, ಅರ್ಥೈಸುವ ಕೆಲಸ ಮತ್ತೆ ನಮ್ಮದು. ಈ ಕ್ರಮವನ್ನು ಕಳೆದ ಅರ್ಧ ಶತಮಾನದಲ್ಲಿ ಸಮಾಜವಿಜ್ಞಾನದ ಒಂದು ಧಾರೆ ಬಲವಾಗಿ ಪ್ರಶ್ನಿಸಿದೆ. ಅದನ್ನು ಸಹಭಾಗಿ ಸಂಶೋಧನೆ ಎಂದು ಕರೆಯುವುದು ರೂಢಿಯಾಗಿದೆ. ಅದು ಏನು, ಎಲ್ಲಿಂದ ಬಂತು, ಸಭೆಯ ಸೇವಕರಾದ ನಮಗೆ ಅದರಿಂದ ಯಾವ ತೊಡಕು ಮತ್ತು ಯಾವ ಪ್ರಯೋಜನ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಹಳ್ಳಿಯೊಂದರ ಸಣ್ಣ ಸಭೆಯಲ್ಲಿ ಭಾನುವಾರದ ಆರಾಧನೆಗೆ ಹಾಜರಾತಿ ಏಕೆ ಕುಗ್ಗುತ್ತಿದೆ ಎಂಬುದನ್ನು ತಿಳಿಯಲು ಪ್ರಶ್ನಾವಳಿ ಹಿಡಿದು ಹೋಗಿದ್ದೆವು. ಗೈರುಹಾಜರಿಯ ಕಾರಣಕ್ಕೆ ನಾಲ್ಕು ಆಯ್ಕೆಗಳನ್ನು ಕೊಟ್ಟಿದ್ದೆವು: ಆಸಕ್ತಿಯಿಲ್ಲ, ಅನಾರೋಗ್ಯ, ದೂರ, ಇತರೆ. ವೃದ್ಧ ತಾಯಿಯೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು ಹೀಗೆಂದರು: "ಅಯ್ಯನೋರ, ನಳದ ನೀರು ಬರೋದ ಐತಾರ ಮುಂಜಾನೆ. ಬಿಟ್ಟರ ಮತ್ತ ಮೂರು ದಿನ ಇಲ್ಲ. ಇದನ್ನ ನಿಮ್ಮ ಹಾಳ್ಯಾಗ ಎಲ್ಲಿ ಬರೀತೀರಿ?" ನಾವು 'ಇತರೆ' ಎಂಬಲ್ಲಿ ಗುರುತು ಹಾಕಿದೆವು. ಓಣಿ ಮುಗಿಯುವಷ್ಟರಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಕಾಲಮ್ ಆಗಿತ್ತು. ವರದಿ ಬರೆಯುವಾಗ ಆ ಕಾಲಮ್ಮಿಗೆ ಅರ್ಥ ಕೊಡಬೇಕಾಗಿ ಬಂತು. ಆಗ ನಮಗೆ ತೋಚಿದ ಪದ 'ಆತ್ಮಿಕ ಉದಾಸೀನತೆ'. ಆ ವರದಿಯ ಆಧಾರದ ಮೇಲೆ ಸಭೆಯಲ್ಲಿ ಮೂರು ದಿನಗಳ ಉಜ್ಜೀವನ ಕೂಟ ನಡೆಯಿತು. ನೀರು ಎಂದಿನಂತೆ ಭಾನುವಾರವೇ ಬರುತ್ತಿತ್ತು.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಪ್ರಶ್ನಾವಳಿಯ ತಂತ್ರದಲ್ಲಿಯೂ ಪಠ್ಯಪುಸ್ತಕದ ಲೆಕ್ಕಕ್ಕೆ ದೊಡ್ಡ ದೋಷವಿರಲಿಲ್ಲ. ಆದರೆ ಆ ತಾಯಿಗೆ ತಿಳಿದಿದ್ದ ವಿಷಯ ಉತ್ತರವಾಗಿ ಒಳಗೆ ಬರಲು ಬಾಗಿಲೇ ಇರಲಿಲ್ಲ, ಏಕೆಂದರೆ ಬಾಗಿಲುಗಳನ್ನು ಸೆಮಿನರಿಯ ಗ್ರಂಥಾಲಯದಲ್ಲಿ ಕುಳಿತು ಮೊದಲೇ ಕೊರೆದಿದ್ದೆವು.

ಕೊಲಂಬಿಯದ ಒಂದು ಪಾಠ

ಸಹಭಾಗಿ ಸಂಶೋಧನೆಗೆ ಹಲವು ಮೂಲಗಳುಂಟು. ಬ್ರೆಜಿಲಿನ ಪಾವ್ಲೊ ಫ್ರೇರೆಯವರ ವಯಸ್ಕರ ಶಿಕ್ಷಣದ ವಿಚಾರ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವೇ ಆದುದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅಷ್ಟಾಗಿ ಪರಿಚಯವಿಲ್ಲದ, ಆದರೆ ದೇವಶಾಸ್ತ್ರದ ವಿದ್ಯಾರ್ಥಿಗಳು ಅಗತ್ಯವಾಗಿ ಅರಿಯಬೇಕಾದ ಹೆಸರು ಕೊಲಂಬಿಯದ ಓರ್ಲಾಂಡೊ ಫಾಲ್ಸ್ ಬೋರ್ದಾ ಅವರದು.

1925ರಲ್ಲಿ ಜನಿಸಿದ ಫಾಲ್ಸ್ ಬೋರ್ದಾ, ಕಥೋಲಿಕರೇ ಬಹುಸಂಖ್ಯಾತರಾದ ಆ ದೇಶದಲ್ಲಿ ಪ್ರೆಸ್ಬಿಟೇರಿಯನ್ ಸಭೆಗೆ ಸೇರಿದವರು. ಅಮೆರಿಕದಲ್ಲಿ ಶಿಕ್ಷಣ ಪಡೆದು, ಆಂಡೀಸ್ ಪರ್ವತ ಸೀಮೆಯ ಸಾವ್ಸಿಯೊ ಎಂಬ ರೈತಗ್ರಾಮದ ಬಗ್ಗೆ 1955ರಲ್ಲಿ ಗ್ರಂಥ ಪ್ರಕಟಿಸಿದರು. 1959ರಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಅಧ್ಯಯನ ಪೀಠ ಆರಂಭಿಸಿದಾಗ ಅವರ ಜೊತೆಗಿದ್ದವರು ಕಮಿಲೊ ತೋರೆಸ್ ಎಂಬ ಕಥೋಲಿಕ ಯಾಜಕರು. ತೋರೆಸ್ ಮುಂದೆ ಸಶಸ್ತ್ರ ದಳವನ್ನು ಸೇರಿ 1966ರಲ್ಲಿ ಮಡಿದರು. ಫಾಲ್ಸ್ ಬೋರ್ದಾ ಹಿಡಿದ ದಾರಿ ಬೇರೆ. 1970ರ ಹೊತ್ತಿಗೆ ಅವರು ವಿಶ್ವವಿದ್ಯಾಲಯವನ್ನು ಬಿಟ್ಟು 'ಲಾ ರೋಸ್ಕಾ' ಎಂಬ ಸಣ್ಣ ಸಂಶೋಧನಾ ಬಳಗವನ್ನು ಕಟ್ಟಿದರು. ಅದರಲ್ಲಿ ಗೊನ್ಸಾಲೊ ಕಾಸ್ತಿಯೊ ಎಂಬ ಪ್ರೆಸ್ಬಿಟೇರಿಯನ್ ದೇವಶಾಸ್ತ್ರಜ್ಞರೂ ಇದ್ದರು. ಆದಿವಾಸಿ ನಾಯಕ ಮಾನುಯೆಲ್ ಕಿಂತಿನ್ ಲಾಮೆ 1939ರಲ್ಲಿ ಮುಗಿಸಿದ್ದ ಹಸ್ತಪ್ರತಿಯನ್ನು, ಲಾಮೆಯವರ ಮರಣಾನಂತರ 1971ರಲ್ಲಿ ಈ ಬಳಗ ಪ್ರಕಟಿಸಿತು. ಆದಿವಾಸಿಗಳ ಬಗ್ಗೆ ತಾವೊಂದು ಗ್ರಂಥ ಬರೆಯುವುದಕ್ಕಿಂತ ಅವರಲ್ಲೊಬ್ಬನು ಬರೆದಿಟ್ಟದ್ದನ್ನು ಮುದ್ರಿಸುವುದು ಮೇಲೆಂದು ಸಂಶೋಧಕರು ಕಂಡುಕೊಂಡದ್ದು ಸಣ್ಣ ವಿಷಯವಲ್ಲ.

ಬಳಿಕ ಫಾಲ್ಸ್ ಬೋರ್ದಾ ಕೆರಿಬಿಯನ್ ಕರಾವಳಿಯ ಭೂಹೀನ ರೈತರ ಸಂಘಟನೆಯೊಂದಿಗೆ ಕೆಲಸ ಮಾಡಿದರು. ಜಮೀನ್ದಾರರ ವಿರುದ್ಧ ಭೂಮಿಗಾಗಿ ಹೋರಾಡುತ್ತಿದ್ದ ಆ ರೈತರಿಗೆ ಬೇಕಾಗಿದ್ದುದು ತಮ್ಮದೇ ಚರಿತ್ರೆ. ಅದು ಸರಕಾರಿ ದಾಖಲೆಗಳಲ್ಲಿ ಇರಲಿಲ್ಲ. ಅದಿದ್ದುದು ಮುದುಕರ ನೆನಪಿನಲ್ಲಿ ಮತ್ತು ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ. ಯಾರೋ ಜೋಪಾನವಾಗಿ ಇಟ್ಟ ಪತ್ರ, ಮಾಸಿದ ಛಾಯಾಚಿತ್ರ, ಸಂಘದ ಚೀಟಿ ಇವುಗಳನ್ನು ಫಾಲ್ಸ್ ಬೋರ್ದಾ 'ಪೆಟ್ಟಿಗೆಯ ದಫ್ತರ' ಎಂದೇ ಕರೆದರು. 1919ರಲ್ಲಿ ಮೊಂತೆರಿಯಾ ಪಟ್ಟಣದಲ್ಲಿ ದುಡಿಯುವ ಹೆಂಗಸರ ಸಂಘವನ್ನು ಕಟ್ಟಿದ್ದ ಹುವಾನಾ ಹೂಲಿಯಾ ಗುಸ್ಮಾನ್ ಆಗ ಇನ್ನೂ ಬದುಕಿದ್ದರು. ಲೋಮಾಗ್ರಾಂದೆ ಎಂಬಲ್ಲಿ ನಡೆದ ಹಳೆಯ ಭೂಹೋರಾಟದ ಕಥೆ ಅವರಂಥವರ ನೆನಪಿನಿಂದ ಮತ್ತೆ ಹೊರಬಂತು.

ಈ ಪದ್ಧತಿಯ ತಿರುಳಿರುವುದು ಸಂಗ್ರಹದಲ್ಲಿ ಅಲ್ಲ, ಹಿಂತಿರುಗಿಸುವುದರಲ್ಲಿ. ರೈತರಲ್ಲಿ ಅನೇಕರಿಗೆ ಓದು ಬರುತ್ತಿರಲಿಲ್ಲ. ಆದಕಾರಣ ಉಲಿಯಾನೊವ್ ಚಲಾರ್ಕಾ ಎಂಬ ಚಿತ್ರಕಾರರು ಜನರು ಹೇಳಿದ ಚರಿತ್ರೆಯನ್ನು ಚಿತ್ರಕಥೆಗಳಾಗಿ ಬರೆದರು, ಆ ಪುಸ್ತಿಕೆಗಳು ಜನರ ಕೈಗೇ ಸೇರಿದವು. ಜನರಿಂದ ಪಡೆದ ಜ್ಞಾನವನ್ನು ಅವರು ಬಳಸಬಲ್ಲ ರೂಪದಲ್ಲಿ ಕ್ರಮವಾಗಿ ಅವರಿಗೇ ಮರಳಿಸಬೇಕೆಂಬ ಈ ನಿಯಮ ಸಹಭಾಗಿ ಸಂಶೋಧನೆಯ ಲಕ್ಷಣಗಳಲ್ಲಿ ಮುಖ್ಯವಾದುದು. 1979ರಿಂದ 1986ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದ ಅವರ ಕರಾವಳಿ ಚರಿತ್ರೆಯಲ್ಲಿ ಎಡಪುಟದಲ್ಲಿ ಜನರ ನಿರೂಪಣೆ, ಬಲಪುಟದಲ್ಲಿ ಸಿದ್ಧಾಂತ ಹಾಗೂ ಆಧಾರಗಳ ಚರ್ಚೆ ಅಕ್ಕಪಕ್ಕದಲ್ಲಿ ಹರಿಯುತ್ತವೆ. ಓದುವುದು ಸುಲಭವಲ್ಲ. ಆದರೆ ಒಂದನ್ನು ಇನ್ನೊಂದರ ಅಡಿಟಿಪ್ಪಣಿಯನ್ನಾಗಿ ಮಾಡದೆ ಇಟ್ಟಿರುವ ಆ ವಿನ್ಯಾಸ ಪ್ರಬಂಧ ಬರೆಯುವವರಿಗೆ ಯೋಚಿಸಲು ಅವಕಾಶ ಕೊಡುತ್ತದೆ. 1977ರಲ್ಲಿ ಕಾರ್ತಹೇನಾ ನಗರದಲ್ಲಿ ಅವರು ಕರೆದ ಅಂತರರಾಷ್ಟ್ರೀಯ ಸಮ್ಮೇಳನದಿಂದ ಈ ವಿಚಾರ ಇತರ ಖಂಡಗಳಿಗೂ ಹರಡಿತು.

ನೆಲದ ಮೇಲಿನ ನಕಾಶೆ

ನಮ್ಮ ರಾಜ್ಯದಲ್ಲಿ ಈ ವಿಚಾರದ ಇನ್ನೊಂದು ಕವಲು ಬೆಳೆಯಿತು. 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ ಆರಂಭವಾಗಿ, ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ಮೈರಾಡ ಸಂಸ್ಥೆಯು 1980ರ ದಶಕದ ಕೊನೆಯಿಂದ, ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಮುಂತಾದವರೊಡನೆ, ಸಹಭಾಗಿ ಗ್ರಾಮೀಣ ಅವಲೋಕನದ ಕ್ರಮಗಳನ್ನು ಹಳ್ಳಿಗಳಲ್ಲಿ ರೂಪಿಸಿತು. ಇಲ್ಲಿ ಪ್ರಶ್ನಾವಳಿಯ ಬದಲು ನೆಲ. ಊರಿನವರು ರಂಗೋಲಿ ಪುಡಿ, ಕಾಳು, ಕಲ್ಲು, ಎಲೆಗಳಿಂದ ತಮ್ಮ ಊರಿನ ನಕಾಶೆಯನ್ನು ತಾವೇ ಬರೆಯುತ್ತಾರೆ. ಯಾವ ಮನೆಯಲ್ಲಿ ವಿಧವೆ ಇದ್ದಾಳೆ, ಯಾವ ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ, ಯಾರು ಗುಳೆ ಹೋಗುತ್ತಾರೆ ಎಂಬುದೆಲ್ಲ ಆ ನಕಾಶೆಯಲ್ಲಿ ಮೂಡುತ್ತದೆ. ಹನ್ನೆರಡು ತಿಂಗಳಿಗೆ ಹನ್ನೆರಡು ಗುರುತು ಮಾಡಿ, ದುಡಿಮೆ ಇರುವ ತಿಂಗಳಿಗೆ ಹೆಚ್ಚು ಕಾಳು, ಇಲ್ಲದ ತಿಂಗಳಿಗೆ ಕಡಿಮೆ ಕಾಳು ಇಡುತ್ತಾರೆ. ಬಡವರು ಯಾರೆಂಬುದನ್ನು ಸರಕಾರದ ವರಮಾನದ ಮಿತಿಯಿಂದಲ್ಲ, ಊರವರ ಅಳತೆಯಿಂದಲೇ ಗುರುತಿಸುತ್ತಾರೆ. ಕೋಲು ಯಾರ ಕೈಯಲ್ಲಿದೆ ಎಂಬುದೇ ಮುಖ್ಯ ಎಂದು ಚೇಂಬರ್ಸ್ ಹೇಳುತ್ತಿದ್ದುದರ ತಾತ್ಪರ್ಯ ಇದು: ನೆಲದ ಮೇಲೆ ಗೆರೆ ಎಳೆಯುವ ಕೋಲನ್ನು ಹೊರಗಿನವನು ಊರಿನವರ ಕೈಗೆ ಕೊಟ್ಟು ಹಿಂದೆ ಸರಿಯಬೇಕು.

ನಮ್ಮ ತಾಯಂದಿರು ಅಂಗಳದಲ್ಲಿ ಇಷ್ಟು ಕಾಲ ರಂಗೋಲಿ ಇಡುತ್ತ ಬಂದಿದ್ದರೂ ಆ ಕೈಗಳಿಗೆ ಊರಿನ ನಕಾಶೆ ಬರೆಯುವ ಸಾಮರ್ಥ್ಯವಿದೆಯೆಂದು ನಮಗೆ ಹೊಳೆಯದೆ ಹೋದದ್ದು ವಿಚಿತ್ರವೇ ಸರಿ.

ಆದರೆ ಈ ಕ್ರಮವನ್ನೂ ಕಣ್ಣುಮುಚ್ಚಿ ಹೊಗಳಲಾಗದು. ಅಭಿವೃದ್ಧಿ ಸಂಸ್ಥೆಗಳ ಕೈಯಲ್ಲಿ ಅದು ಬೇಗನೆ ವಿಧಿಯಂತಾಯಿತು. ಬೆಳಿಗ್ಗೆ ಬಂದು, ನಕಾಶೆ ಬರೆಸಿ, ಚಿತ್ರ ತೆಗೆದು, ಸಂಜೆ ಜೀಪು ಹತ್ತಿದರೆ 'ಜನರ ಸಹಭಾಗಿತ್ವ' ಎಂಬ ಅಂಕಣ ತುಂಬಿದಂತಾಯಿತು. ಪಶ್ಚಿಮ ಭಾರತದ ಭಿಲ್ ಆದಿವಾಸಿಗಳ ನಡುವಿನ ಯೋಜನೆಯೊಂದರಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಡೇವಿಡ್ ಮೋಸ್ 1994ರಲ್ಲಿಯೇ ಇದರ ಒಳಗಿನ ತೊಡಕನ್ನು ತೋರಿಸಿದರು. ಎಲ್ಲರೆದುರು, ಬಹಿರಂಗವಾಗಿ ನಡೆಯುವ ಇಂತಹ ಕೂಟಗಳಲ್ಲಿ ಊರಿನ ಬಲಿಷ್ಠರ ಅಭಿಪ್ರಾಯವೇ ಊರಿನ ಅಭಿಪ್ರಾಯವಾಗಿ ಹೊರಬರುತ್ತದೆ, ಹೆಂಗಸರ ಮಾತು ಅಲ್ಲಿಗೆ ತಲಪುವುದೇ ಕಷ್ಟ. 2001ರಲ್ಲಿ ಬಿಲ್ ಕುಕ್ ಮತ್ತು ಉಮಾ ಕೊಠಾರಿ ಸಂಪಾದಿಸಿದ ಗ್ರಂಥವಂತೂ ಸಹಭಾಗಿತ್ವವೇ ಹೊಸ ದಬ್ಬಾಳಿಕೆಯಾಗಿದೆಯೇ ಎಂದು ಶೀರ್ಷಿಕೆಯಲ್ಲಿಯೇ ಕೇಳಿತು. ಸಭಾಪಾಲಕರು ಇದನ್ನು ಮರೆಯಬಾರದು. ದೇವಾಲಯದ ಆವರಣದಲ್ಲಿ ಎಲ್ಲರನ್ನೂ ಕರೆದು ಕೂರಿಸಿದರೆ ಸಾಕು, ಸಭೆಯ ಮನಸ್ಸು ತಿಳಿದುಬಿಡುತ್ತದೆ ಎಂದು ನಂಬುವವರು ನಮ್ಮಲ್ಲಿ ಬಹಳ. ಅಲ್ಲಿ ಮೊದಲು ಮಾತಾಡುವವರು ಯಾರು, ಅವರ ನಂತರ ಸುಮ್ಮನಾಗುವವರು ಯಾರು, ಹಿಂದಿನ ಸಾಲಿನಲ್ಲಿ ಕೂರುವ ಕುಟುಂಬಗಳು ಯಾವ ಕೇರಿಯವು ಎಂಬುದು ನಮಗೆ ತಿಳಿಯದ ಸಂಗತಿಯೇನಲ್ಲ.

ಎಣಿಸುವವರು ಯಾರು

ಜನರ ಕೈಗೆ ಸಂಶೋಧನೆ ಬಂದಾಗ ಏನಾಗಬಹುದು ಎಂಬುದಕ್ಕೆ ಕೋಲಾರದ ಚಿನ್ನದ ಗಣಿಯಿಂದ ಹೊರಟ ಒಂದು ಕಥೆಯನ್ನು ಹೇಳಬಹುದು. ಕೆ.ಜಿ.ಎಫ್.ನಲ್ಲಿ ಮಲ ಹೊರುವ ಕೆಲಸಕ್ಕೆ ಕಟ್ಟುಬಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್, ತಮ್ಮವರು ಮಾಡುತ್ತಿರುವ ಕೆಲಸದ ಬಗ್ಗೆ 1980ರ ದಶಕದಲ್ಲಿ ಅಧಿಕಾರಿಗಳಿಗೆ ಪತ್ರ ಬರೆಯತೊಡಗಿದರು. 1993ರಲ್ಲಿ ಸಂಸತ್ತು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಮಾಡಿತು. ಕಾಯಿದೆ ಬಂದ ಮೇಲೆ ಸರಕಾರಗಳಿಗೆ ಒಂದು ಸುಲಭ ಉತ್ತರ ಸಿಕ್ಕಿತು: ನಮ್ಮಲ್ಲಿ ಆ ಪದ್ಧತಿಯೇ ಇಲ್ಲ. ಅಧಿಕೃತ ಎಣಿಕೆಯಲ್ಲಿ ಇಲ್ಲದವರು ಪರಿಹಾರಕ್ಕೂ ಇಲ್ಲ. ಸಫಾಯಿ ಕರ್ಮಚಾರಿ ಆಂದೋಲನವು 2003ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋದಾಗಲೂ ರಾಜ್ಯಗಳು ಪ್ರಮಾಣಪತ್ರಗಳಲ್ಲಿ ಹೀಗೆಯೇ ನಿರಾಕರಿಸಿದವು. ಆಂದೋಲನದವರು ಆ ಸಮುದಾಯದ ಜನರಿಂದಲೇ ಸಮೀಕ್ಷೆ ನಡೆಸಿ, ಒಣಶೌಚಾಲಯಗಳ ಛಾಯಾಚಿತ್ರಗಳನ್ನೂ ಕೆಲಸ ಮಾಡುವವರ ವಿವರಗಳನ್ನೂ ನ್ಯಾಯಾಲಯದ ಮುಂದಿಟ್ಟರು. 2014ರ ಮಾರ್ಚ್ 27ರಂದು ಬಂದ ತೀರ್ಪು ಪದ್ಧತಿ ಮುಂದುವರಿದಿರುವುದನ್ನು ಒಪ್ಪಿ, 1993ರಿಂದ ಚರಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಆದೇಶಿಸಿತು. ಇಲ್ಲಿ ಸಂಶೋಧನೆಯ ಪ್ರಶ್ನೆ ಯಾವ ವಿದ್ವಾಂಸನದೂ ಆಗಿರಲಿಲ್ಲ. ನಾವು ಇದ್ದೇವೆಯೋ ಇಲ್ಲವೋ ಎಂಬುದೇ ಪ್ರಶ್ನೆಯಾಗಿತ್ತು.

ಸತ್ಯವೇದದಲ್ಲಿ ಎಣಿಕೆಯ ಎರಡು ಬಗೆಗಳನ್ನು ಕಾಣುತ್ತೇವೆ. ದಾವೀದನ ಜನಗಣತಿಗೆ ಯೋವಾಬನೂ ಅವನ ಜೊತೆಯವರೂ ಒಂಬತ್ತು ತಿಂಗಳು ಇಪ್ಪತ್ತು ದಿನ ದೇಶವನ್ನೆಲ್ಲ ತಿರುಗಿದರು (2 ಸಮು. 24). ಅವರು ತಂದ ಲೆಕ್ಕ ಕತ್ತಿ ಹಿಡಿಯಬಲ್ಲವರದು ಮಾತ್ರ. ಅರಸನಿಗೆ ಬೇಕಾದದ್ದೇ ಎಣಿಕೆಯ ವರ್ಗವಾಯಿತು. ಆ ಎಣಿಕೆ ಏಕೆ ಪಾಪವೆನಿಸಿತೆಂಬುದನ್ನು ವ್ಯಾಖ್ಯಾನಕಾರರು ಹಲವು ಬಗೆಯಲ್ಲಿ ಬಿಡಿಸಿದ್ದಾರೆ, ಅದನ್ನು ನಾವು ಇಲ್ಲಿ ತೀರ್ಮಾನಿಸಬೇಕಾಗಿಲ್ಲ. ಯೆರೂಸಲೇಮಿನ ಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಕಡೆಗಣಿಸಲಾಗುತ್ತಿದೆಯೆಂಬ ಗೊಣಗಾಟ ಎದ್ದಾಗಲಾದರೋ (ಅ.ಕೃ. 6:1-6) ಅಪೊಸ್ತಲರು ತಾವೇ ವಿಚಾರಣೆ ನಡೆಸಿ ವರದಿ ಕೊಡಲಿಲ್ಲ. ಶಿಷ್ಯರ ಸಮೂಹವನ್ನು ಕರೆದು, ಏಳು ಮಂದಿಯನ್ನು ನೀವೇ ಆರಿಸಿ ಎಂದರು. ಆರಿಸಲ್ಪಟ್ಟ ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ದೂರು ಯಾರದೋ ಅವರ ಕಡೆಯವರಿಗೇ ಜವಾಬ್ದಾರಿ ಹೋಯಿತು. ಈ ಭಾಗವನ್ನು ಸಹಭಾಗಿತ್ವದ ಮಾದರಿಯೆಂದು ಪ್ರಸಂಗಗಳಲ್ಲಿ ಕೊಂಡಾಡುವಾಗ ಒಂದು ಕೊರತೆಯನ್ನೂ ಹೇಳುವುದು ಪ್ರಾಮಾಣಿಕತೆ: ಆ ಏಳು ಮಂದಿಯೂ ಗಂಡಸರು, ವಿಧವೆಯರ ಮಾತನ್ನು ಲೂಕನು ದಾಖಲಿಸಿಲ್ಲ.

ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ಇನ್ನೂ ಆಳಕ್ಕೆ ಹೋಗುತ್ತದೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳುವುದು ಶುದ್ಧ ಸಂಶೋಧಕರ ಪ್ರಶ್ನೆ: ಕಾರಣ ಯಾರ ಪಾಪ, ಇವನದೋ, ತಂದೆತಾಯಿಗಳದೋ? ಎರಡು ಆಯ್ಕೆಗಳು. ಮೂರನೆಯದಿಲ್ಲ. ಅವನು ಅಲ್ಲಿಯೇ ಇದ್ದರೂ ಅವನನ್ನು ಕೇಳುವುದಿಲ್ಲ. ಯೇಸುಸ್ವಾಮಿ ಆ ಪ್ರಶ್ನೆಗೆ ಉತ್ತರಿಸುವ ಬದಲು ಪ್ರಶ್ನೆಯ ಚೌಕಟ್ಟನ್ನೇ ಒಪ್ಪುವುದಿಲ್ಲ. ಅನಂತರ ನೆರೆಯವರು, ಫರಿಸಾಯರು, ತಂದೆತಾಯಿಗಳು, ಮತ್ತೆ ಫರಿಸಾಯರು ಎಂದು ವಿಚಾರಣೆಯ ಮೇಲೆ ವಿಚಾರಣೆ ನಡೆಯುತ್ತದೆ. ಆ ಮನುಷ್ಯನು ತನಗೆ ತಿಳಿದಿರುವುದನ್ನು ತಿಳಿದಿದೆ ಎನ್ನುತ್ತಾನೆ, ತಿಳಿಯದುದನ್ನು ತಿಳಿಯದೆನ್ನುತ್ತಾನೆ. ಇಂತಹ ಶಿಸ್ತಿನ ಸಾಕ್ಷಿ ಯಾವ ಸಂಶೋಧಕನಿಗಾದರೂ ಭಾಗ್ಯವೇ. ಕೊನೆಗೆ ಅವನು ತಾನೇ ತರ್ಕಿಸಿ ಅರ್ಥ ಹೇಳತೊಡಗಿದೊಡನೆ, ಪಾಪದಲ್ಲಿ ಹುಟ್ಟಿದವನು ನಮಗೆ ಉಪದೇಶಿಸುವುದೇ ಎಂದು ಹೊರಗಟ್ಟುತ್ತಾರೆ. ಮಾಹಿತಿ ಕೊಡುವವನಾಗಿ ಅವನು ಬೇಕಾಗಿದ್ದ, ಅರ್ಥ ಹೇಳುವವನಾಗಿ ಬೇಡವಾದ. ನಮ್ಮ ಎಷ್ಟೋ ಪ್ರಬಂಧಗಳಲ್ಲಿ ಜನರು 'ಮಾಹಿತಿದಾರರು' ಆಗಿ ಉಳಿಯುವುದು ಇದೇ ಗೆರೆಯಲ್ಲಿ.

ಜನರು ಹೇಳಿದ್ದೆಲ್ಲ ಸತ್ಯವೆಂದು ಇದರ ಅರ್ಥವಲ್ಲ. ಜಾತಿಯ ಹೆಮ್ಮೆಯೂ ಜನರದೇ. ಸ್ಮಶಾನದಲ್ಲಿಯೂ ಅಂತರ ಬಯಸುವ ಮನಸ್ಸು ನಮ್ಮ ಸಭೆಗಳ ಹೊರಗಿನದಲ್ಲ. ಬಹುಮತವು ಪ್ರಕಟನೆಯಲ್ಲ. ಆದರೆ ಕೊರಿಂಥದ ಸಭೆಗೆ ಪೌಲನು ಬರೆಯುವಾಗ ಪ್ರವಾದಿಸುವವರು ಮಾತಾಡಲಿ, ಉಳಿದವರು ವಿವೇಚಿಸಲಿ ಎನ್ನುತ್ತಾನಷ್ಟೇ (1 ಕೊರಿ. 14:29). ವಿವೇಚನೆ ಒಬ್ಬನ ಮೇಜಿನ ಮೇಲೆ ನಡೆಯುವ ಕೆಲಸವಲ್ಲ. ಸಂಶೋಧಕನ ತರಬೇತಿ ಇದರಿಂದ ನಿರರ್ಥಕವಾಗುವುದಿಲ್ಲ. ಅವನು ಜನರ ಮಾತಿಗೆ ಎದುರು ಮಾತಾಡಲೂ ಬಹುದು, ಆದರೆ ಅವರೆದುರಿಗೇ ಆಡಬೇಕು, ಅವರಿಲ್ಲದ ಕೋಣೆಯಲ್ಲಿ ಅಲ್ಲ.

ಅಯ್ಯನವರು ಕೇಳಿದರೆ

ಸಭಾಪಾಲಕನೇ ಸಂಶೋಧಕನಾದಾಗ ಮಾತ್ರ ಬರುವ ತೊಡಕೊಂದುಂಟು. ಸಮಾಜಶಾಸ್ತ್ರದ ಪಠ್ಯಗಳು ಅದನ್ನು ಸಾಕಷ್ಟು ಚರ್ಚಿಸಿಲ್ಲವೆಂದು ನಮ್ಮ ಅನಿಸಿಕೆ. ಒಪ್ಪಿಗೆ ಪಡೆಯದೆ ಯಾರನ್ನೂ ಸಂಶೋಧನೆಗೆ ಒಳಪಡಿಸಬಾರದೆಂಬ ನಿಯಮ ಎಲ್ಲರಿಗೂ ಗೊತ್ತು. ಆದರೆ ದೀಕ್ಷಾಸ್ನಾನದ ಪ್ರಮಾಣಪತ್ರ, ಮದುವೆಯ ಪ್ರಕಟನೆ, ಹಾಸ್ಟೆಲ್ಲಿನ ಶಿಫಾರಸು ಪತ್ರ, ಬಡವರ ನಿಧಿಯ ಪಟ್ಟಿ ಯಾರ ಕೈಯಲ್ಲಿದೆಯೋ ಅವರೇ ಬಂದು, "ಒಪ್ಪಿಗೆಯೇ ಅಮ್ಮ?" ಎಂದು ಕೇಳಿದರೆ, ಯಾವ ತಾಯಿ ಬೇಡವೆನ್ನುತ್ತಾಳೆ? ಆ 'ಹೌದು' ಒಪ್ಪಿಗೆಯಲ್ಲ, ಮರ್ಯಾದೆ. ಬೇಡವೆನ್ನುವುದನ್ನು ಸುಲಭಗೊಳಿಸುವುದು ಇಲ್ಲಿ ನಮ್ಮ ಮೊದಲ ಕರ್ತವ್ಯ. ನೆರೆಯ ಸಭೆಯ ವಿದ್ಯಾರ್ಥಿಯನ್ನು ಕಳುಹಿಸುವುದು, ಸಹಾಯಧನ ಹಂಚುವ ವಾರದಲ್ಲಿ ಸಮೀಕ್ಷೆಗೆ ಹೋಗದಿರುವುದು, ಹೆಂಗಸರ ಮಾತನ್ನು ಹೆಂಗಸರೇ ಕೇಳುವಂತೆ ಏರ್ಪಡಿಸುವುದು, ಇವು ಸಾಧ್ಯವಿರುವ ಕೆಲವು ಮಾರ್ಗಗಳು. ಪ್ರಾರ್ಥನೆಗೆಂದು ಹೋದ ಮನೆಯಲ್ಲಿ, ಅಳುತ್ತ ಹೇಳಿದ ಮಾತು, ಹೆಸರು ಬದಲಿಸಿದರೂ ಪ್ರಬಂಧದಲ್ಲಿ ಬರಕೂಡದು. ನೂರು ಮನೆಗಳ ಸಭೆಯಲ್ಲಿ 'ಮದ್ಯಪಾನಿಯ ಹೆಂಡತಿ, ವಯಸ್ಸು 34' ಎಂದರೆ ಹೆಸರು ಹೇಳಿದಂತೆಯೇ.

ನಾಲ್ಕೈದು ತಿಂಗಳಲ್ಲಿ ಪ್ರಬಂಧ ಮುಗಿಸಬೇಕಾದ ವಿದ್ಯಾರ್ಥಿಗಳು ಇದೆಲ್ಲ ಎಲ್ಲಿ ಸಾಧ್ಯವೆಂದು ಕೇಳುವುದು ಸಹಜ. ಕಾಲೇಜಿನ ಗಡುವಿಗೂ ಸುಗ್ಗಿಯ ಕಾಲಕ್ಕೂ ಹೊಂದಿಕೆಯಿಲ್ಲ. ಪೂರ್ಣ ಅರ್ಥದ ಸಹಭಾಗಿ ಸಂಶೋಧನೆಗೆ ವರ್ಷಗಳು ಬೇಕು, ಅದನ್ನು ಮಾಡಿದ್ದೇವೆಂದು ಮುನ್ನುಡಿಯಲ್ಲಿ ಬರೆದುಕೊಳ್ಳುವುದಕ್ಕಿಂತ ಮಾಡಲಿಲ್ಲವೆಂದು ಒಪ್ಪಿಕೊಳ್ಳುವುದು ಮೇಲು. ಆದರೂ ಎರಡು ಕೆಲಸಗಳಿಗೆ ಸಮಯವಿದೆ. ಪ್ರಶ್ನೆಗಳನ್ನು ಅಚ್ಚು ಮಾಡಿಸುವ ಮೊದಲು ಸಭೆಯ ಮೂರು ನಾಲ್ಕು ಮಂದಿಯೊಂದಿಗೆ, ಅವರಲ್ಲಿ ಕೂಲಿಗೆ ಹೋಗುವ ಹೆಂಗಸೊಬ್ಬಳಾದರೂ ಇರುವಂತೆ, ಒಂದು ಸಂಜೆ ಕುಳಿತು, ಈ ವಿಷಯದಲ್ಲಿ ನೀವಾದರೆ ಏನು ಕೇಳುತ್ತಿದ್ದಿರಿ ಎಂದು ವಿಚಾರಿಸಬಹುದು. ಪ್ರಬಂಧ ಒಪ್ಪಿಸುವ ಮೊದಲು ಅದರ ನಿರ್ಣಯಗಳನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ, ಅದೇ ಜನರ ಮುಂದೆ ಗಟ್ಟಿಯಾಗಿ ಓದಿ, ಅವರು ಇದು ತಪ್ಪು ಎಂದುದನ್ನು ತಿದ್ದಬಹುದು, ಅಥವಾ ತಿದ್ದದೆ ಅವರ ಭಿನ್ನಮತವನ್ನು ಹಾಗೆಯೇ ಪ್ರಬಂಧದಲ್ಲಿ ಸೇರಿಸಬಹುದು. ಆ ಎರಡು ಪುಟ ಸಭೆಯ ದಫ್ತರದಲ್ಲಿ ಉಳಿಯಲಿ. ಇಂಗ್ಲಿಷಿನಲ್ಲಿ ಬರೆದ ಪ್ರಬಂಧದ ರಟ್ಟಿನ ಪ್ರತಿ ಸಭೆಗೆ ತಲಪಿದರೂ ಅದನ್ನು ಬಿಡಿಸಿ ಓದುವವರು ಯಾರು?

ನಾವು ಮೊದಲು ಹೇಳಿದ ವರದಿ ಈಗಲೂ ಗ್ರಂಥಾಲಯದ ಕಪಾಟಿನಲ್ಲಿದೆ. ಕೆಲವು ವರ್ಷಗಳ ನಂತರ ಅದೇ ಸಭೆಗೆ ಬಂದ ಸಭಾಪಾಲಕರು ಯಾವ ಸಮೀಕ್ಷೆಯನ್ನೂ ನಡೆಸದೆ, ನಳದ ಬಳಿ ಕೊಡ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರನ್ನೇ ಕೇಳಿ, ಆರಾಧನೆಯನ್ನು ಸಂಜೆ ನಾಲ್ಕಕ್ಕೆ ಬದಲಿಸಿದರಂತೆ. ಆ ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು.